ಬಾರಗ್ವನಾಥಿಯಾ: ಕಡಲ ಕೆಸರಿನಲ್ಲಿ ಉಳಿದ ನೆಲದ ಗಿಡ

ಉಪನ್ಯಾಸದ ಆರಂಭದಲ್ಲಿ ನಾನು ಪರದೆಯ ಮೇಲೆ ತೋರಿಸಿದ್ದು ಒಂದೇ ಒಂದು ಕಲ್ಲಿನ ಚಿತ್ರ. ಓದುಗರ ಮುಂದೆ ಆ ಚಿತ್ರವಿಲ್ಲವಾದ್ದರಿಂದ ಅದನ್ನು ಮಾತಿನಲ್ಲಿ ಕಟ್ಟಿಕೊಡಲು ಯತ್ನಿಸುತ್ತೇನೆ. ತೆಳುವಾಗಿ ಸೀಳಿಕೊಳ್ಳುವ, ಮಣ್ಣುಬಣ್ಣದ ಶೇಲ್ ಕಲ್ಲಿನ ಒಂದು ಹಾಳೆ. ಅದರ ಉದ್ದಕ್ಕೂ ಒಂದು ಕಾಂಡದ ಅಚ್ಚು. ಕಾಂಡದ ಎರಡೂ ಬದಿಗೆ ಒತ್ತೊತ್ತಾಗಿ ಚಾಚಿಕೊಂಡ, ದಾರದಂಥ ಎಲೆಗಳು. ಸೀಸೆ ತೊಳೆಯುವ ಬ್ರಷ್ಷನ್ನು ಒದ್ದೆ ಮಣ್ಣಿನ ಮೇಲೆ ಒತ್ತಿ ತೆಗೆದರೆ ಉಳಿಯುವ ಗುರುತಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣದು. ಇದೇ ಕಲ್ಲಿನ ಪದರಗಳಲ್ಲಿ ಇನ್ನೊಂದು ವಸ್ತುವೂ ಸಿಗುತ್ತದೆ: ಗರಗಸದ ಅಲಗಿನ ಹಾಗೆ ಒಂದೇ ಅಂಚಿಗೆ ಹಲ್ಲುಗಳಿರುವ, ಪೆನ್ಸಿಲಿನಿಂದ ಎಳೆದಂತೆ ಕಾಣುವ ಸಣ್ಣ ಗೆರೆ. ಮೊದಲನೆಯದು ನೆಲದ ಮೇಲೆ ಬೆಳೆದ ಗಿಡ. ಎರಡನೆಯದು ತೆರೆದ ಕಡಲಿನಲ್ಲಿ ಬದುಕಿದ್ದ ಪ್ರಾಣಿ. ಎಂದೂ ಒಂದೆಡೆ ಬಾಳದ ಈ ಎರಡು ಜೀವಿಗಳು ಒಂದೇ ಕೆಸರಿನಲ್ಲಿ ಹೂತುಹೋದದ್ದರಿಂದಲೇ ಇಂದಿನ ಕಥೆ ಸಾಧ್ಯವಾಗಿದೆ.

ಗಿಡದ ಹೆಸರು ಬಾರಗ್ವನಾಥಿಯಾ ಲಾಂಗಿಫೋಲಿಯಾ. ದೊರೆತದ್ದು ಆಸ್ಟ್ರೇಲಿಯದ ವಿಕ್ಟೋರಿಯಾ ರಾಜ್ಯದಲ್ಲಿ. 1935ರಲ್ಲಿ ಅದಕ್ಕೆ ಹೆಸರಿಟ್ಟಂದಿನಿಂದ ಗಿಡದ ವರ್ಣನೆಯಲ್ಲಿ ದೊಡ್ಡ ಬದಲಾವಣೆಯೇನೂ ಆಗಿಲ್ಲ. ಬದಲಾದದ್ದು ಅದರ ವಯಸ್ಸು, ಅದೂ ಎರಡು ಬಾರಿ. ವಯಸ್ಸು ಅತ್ತಿತ್ತ ಸರಿದಾಗಲೆಲ್ಲ, ಭೂಮಿಯ ಮೇಲೆ ಎಲೆ ಎಂಬುದು ಯಾವಾಗ ಮೂಡಿತು ಎಂಬ ಪ್ರಶ್ನೆಯ ಉತ್ತರವೂ ಸರಿಯಿತು. ಆದ್ದರಿಂದ ನಾನು ಗಿಡದ ಬಗ್ಗೆ ಎಷ್ಟು ಹೇಳುತ್ತೇನೋ ಅದರ ವಯಸ್ಸನ್ನು ಹೇಗೆ ಕಂಡುಕೊಂಡರು ಎಂಬುದರ ಬಗ್ಗೆಯೂ ಅಷ್ಟೇ ಹೇಳಬೇಕಾಗುತ್ತದೆ.

ಮೊದಲು ಇದು ಯಾವ ಮನೆತನದ ಸಸ್ಯ ಎಂಬುದನ್ನು ನೋಡೋಣ. ಇಂದು ಬದುಕಿರುವ ಲೈಕೋಪಾಡಿಯಂ, ಹುಪೆರ್ಜಿಯಾ, ಸೆಲಾಜಿನೆಲ್ಲಾ ಮತ್ತು ಐಸೊಯೆಟಿಸ್ ಮುಂತಾದ ಸಸ್ಯಗಳನ್ನು ಒಟ್ಟಾಗಿ ಲೈಕೋಫೈಟ್‌ಗಳು ಎನ್ನುತ್ತಾರೆ. ಎಲ್ಲ ಸೇರಿ ಸುಮಾರು 1,300 ಪ್ರಭೇದಗಳಿವೆ. ಇವುಗಳಲ್ಲಿ ಕೆಲವಕ್ಕೆ ಕ್ಲಬ್‌ಮಾಸ್ ಎಂಬ ಹೆಸರು ರೂಢಿಯಲ್ಲಿದೆಯಾದರೂ ಅವು ಮಾಸ್ ಅಲ್ಲ, ಅಂದರೆ ಹಾವಸೆಯ ಜಾತಿಗೆ ಸೇರಿದವಲ್ಲ. ನೀರು ಸಾಗಿಸುವ ಗಟ್ಟಿಯಾದ ನಾಳಗಳು ಇವುಗಳ ಕಾಂಡದಲ್ಲಿವೆ, ಹಾವಸೆಯಲ್ಲಿ ಅಂಥವಿಲ್ಲ. ಹಾಗೆಂದು ಇವು ಜರೀಗಿಡಗಳೂ ಅಲ್ಲ. ನಾಳವಿರುವ ಸಸ್ಯಗಳ ವಂಶವೃಕ್ಷದ ಬುಡದಲ್ಲಿ ಒಂದು ದೊಡ್ಡ ಕವಲಿದೆ. ಒಂದು ಟೊಂಗೆಯಲ್ಲಿ ಲೈಕೋಫೈಟ್‌ಗಳು ಮಾತ್ರ. ಇನ್ನೊಂದರಲ್ಲಿ ಜರೀಗಿಡ, ಸೈಕಸ್, ಪೈನ್, ಹುಲ್ಲು, ಹೂಗಿಡಗಳೆಲ್ಲವೂ. ಕವಲೊಡೆದಾಗ ಎರಡೂ ಕಡೆಯ ಸಸ್ಯಗಳಿಗೆ ಎಲೆ ಇರಲಿಲ್ಲವೆಂಬುದೇ ಇಂದಿನ ಬಹುಪಾಲು ಸಸ್ಯವಿಜ್ಞಾನಿಗಳ ಅಭಿಪ್ರಾಯ. ಅಂದರೆ ಎಲೆ ಒಮ್ಮೆ ಹುಟ್ಟಿ ಎಲ್ಲರಿಗೂ ಹಂಚಿಹೋದ ಅಂಗವಲ್ಲ. ಲೈಕೋಫೈಟ್‌ನ ಎಲೆ ಬೇರೆ, ಮಾವಿನ ಎಲೆ ಬೇರೆ. ಲೈಕೋಫೈಟ್‌ನ ಎಲೆ ಸಾಮಾನ್ಯವಾಗಿ ಕಿರಿದು, ಅದರ ನಡುವೆ ಒಂದೇ ನರ, ಆ ನರಕ್ಕೆ ಕವಲಿಲ್ಲ. ಈ ಒಂಟಿ ನರವನ್ನು ನೆನಪಿನಲ್ಲಿಡಿ. ಕೊನೆಯ ಭಾಗದಲ್ಲಿ ಅದಕ್ಕೇ ಹಿಂದಿರುಗಬೇಕಾಗಿದೆ.

ಬಾರಗ್ವನಾಥಿಯಾವನ್ನು ಶಾಸ್ತ್ರೀಯವಾಗಿ ವರ್ಣಿಸಿದವರು ಇಬ್ಬರು: ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ ಲ್ಯಾಂಗ್ ಮತ್ತು ಮೆಲ್ಬರ್ನಿನ ಇಸಬೆಲ್ ಕುಕ್ಸನ್. ಲ್ಯಾಂಗ್ ಆ ವೇಳೆಗಾಗಲೇ ಪ್ರಸಿದ್ಧರು. ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಬಳಿ, ಬಿಸಿನೀರಿನ ಬುಗ್ಗೆಗಳ ಸಿಲಿಕಾದಲ್ಲಿ ಜೀವಕೋಶಗಳೂ ಕೆಡದೆ ಉಳಿದ ಸಸ್ಯಗಳನ್ನು ಅವರು ರಾಬರ್ಟ್ ಕಿಡ್‌ಸ್ಟನ್ ಜೊತೆಗೂಡಿ 1917ರಿಂದ 1921ರವರೆಗೆ ಸಾಲು ಲೇಖನಗಳಲ್ಲಿ ವರ್ಣಿಸಿದ್ದರು. ಕುಕ್ಸನ್ ಹುಟ್ಟಿದ್ದು 1893ರಲ್ಲಿ, ಮೆಲ್ಬರ್ನಿನಲ್ಲಿ. ಪಳೆಯುಳಿಕೆಯಾದ ಸಸ್ಯಗಳಷ್ಟೇ ಅಲ್ಲದೆ ಪರಾಗ ಮತ್ತು ಬೀಜಾಣುಗಳ ಅಧ್ಯಯನದಲ್ಲೂ ಅವರು ಮುಂದೆ ದೊಡ್ಡ ಹೆಸರು ಮಾಡಿದರು. ಅವರಿಬ್ಬರೂ ಕೂಡಿ ಬರೆದ ಪ್ರಬಂಧ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 1935ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ನಂತರ, ಬ್ರಿಟನ್ನಿನ ಇನ್ನೂ ಸರಳವಾದ ಒಂದು ಸಸ್ಯಕ್ಕೆ ಲ್ಯಾಂಗ್ ತಮ್ಮ ಈ ಸಹೋದ್ಯೋಗಿಯ ಗೌರವಾರ್ಥವಾಗಿ ಕುಕ್ಸೋನಿಯಾ ಎಂಬ ಹೆಸರಿಟ್ಟರು. ಇಂದು ಕುಕ್ಸೋನಿಯಾ ಎಂಬ ಹೆಸರು ಪಠ್ಯಪುಸ್ತಕಗಳಲ್ಲೆಲ್ಲ ಇದೆ, ಕುಕ್ಸನ್ ಯಾರೆಂಬುದು ಮಾತ್ರ ಬಹಳ ಮಂದಿಗೆ ಗೊತ್ತಿಲ್ಲ.

ನಮ್ಮ ಗಿಡದ ಹೆಸರೂ ಒಬ್ಬ ವ್ಯಕ್ತಿಯದೇ. ವಿಲಿಯಂ ಬಾರಗ್ವನಾಥ್ ಅವರು ಆಗ ವಿಕ್ಟೋರಿಯಾದ ಭೂವೈಜ್ಞಾನಿಕ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದರು. ಇದು ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನ ಮನೆತನದ ಹೆಸರು; ಕಾರ್ನಿಷ್ ಭಾಷೆಯಲ್ಲಿ ಅದರ ಅರ್ಥ ಗೋಧಿಯ ರೊಟ್ಟಿ. ಗೋಧಿಯ ಪೂರ್ವಜರು ಕನಸಿನಲ್ಲೂ ಇಲ್ಲದಿದ್ದ ಕಾಲದ ಗಿಡಕ್ಕೆ ಗೋಧಿರೊಟ್ಟಿಯ ಹೆಸರು ಬಂದು ಕೂತಿದೆ. ಇನ್ನು ಲಾಂಗಿಫೋಲಿಯಾ ಎಂದರೆ ಉದ್ದ ಎಲೆಯದು ಎಂದಷ್ಟೇ ಅರ್ಥ, ಮತ್ತು ಅದು ನೋಡಿದೊಡನೆ ಒಪ್ಪಿಕೊಳ್ಳಬೇಕಾದ ಹೆಸರು.

ಕಾಂಡಗಳು ಕೆಲವು ಸೆಂಟಿಮೀಟರ್ ದಪ್ಪ. ಆ ಕಾಲದ ಇತರ ಸಸ್ಯಗಳ ಕಾಂಡಗಳನ್ನು ಮಿಲಿಮೀಟರುಗಳಲ್ಲಿ ಅಳೆಯಬೇಕಾಗುತ್ತದೆ ಎಂಬುದನ್ನು ಗಮನಿಸಿದರೆ ಇದು ದೈತ್ಯವೇ ಸರಿ. ಬೆಳೆಯುತ್ತ ಹೋದಂತೆ ಕಾಂಡ ಎರಡಾಗಿ ಕವಲೊಡೆಯುತ್ತದೆ. ಸುತ್ತಲೂ ಸುರುಳಿಯ ಕ್ರಮದಲ್ಲಿ ಎಲೆಗಳಿವೆ. ಒಂದೊಂದು ಎಲೆ 4 ಸೆಂಟಿಮೀಟರ್‌ವರೆಗೆ ಉದ್ದ, ಅಗಲ ಸುಮಾರು 1 ಮಿಲಿಮೀಟರ್. ಪ್ರತಿಯೊಂದರ ನಡುವೆಯೂ ಬುಡದಿಂದ ತುದಿಯತ್ತ ಸಾಗುವ ಒಂದು ನರವಿದೆ. ಕಾಂಡದೊಳಗೆ ನೀರು ಸಾಗಿಸುವ ಅಂಗಾಂಶವಾದ ಕ್ಸೈಲಂ ಅಡ್ಡಕೊಯ್ತದಲ್ಲಿ ನಕ್ಷತ್ರದ ಹಾಗೆ ಮೂಲೆಗಳನ್ನು ಚಾಚಿಕೊಂಡಿತ್ತು. ಅದರ ಕೋಶಗಳ ಗೋಡೆಗೆ ಬಳೆ ಜೋಡಿಸಿದಂತೆ ಉಂಗುರಾಕಾರದ ದಪ್ಪ ಪಟ್ಟಿಗಳಿದ್ದವು. ಬೀಜಾಣುಗಳನ್ನು ತುಂಬಿಕೊಂಡ ಚೀಲಗಳು ಮೂತ್ರಪಿಂಡದ ಆಕಾರದಲ್ಲಿದ್ದು, ಎಲೆಗಳ ಕಂಕುಳಿನಲ್ಲಿ ಕೂತಿವೆ. ಆ ಚೀಲ ಅಂಟಿಕೊಂಡದ್ದು ಎಲೆಯ ಬುಡಕ್ಕೋ ಕಾಂಡಕ್ಕೋ ಎಂಬುದು ಚಪ್ಪಟೆಯಾದ ಕಲ್ಲಚ್ಚಿನಲ್ಲಿ ನಿಚ್ಚಳವಾಗಿ ಕಾಣುವುದಿಲ್ಲ. ಇಷ್ಟೆಲ್ಲವನ್ನೂ ಇಂದಿನ ಹುಪೆರ್ಜಿಯಾದ ಪಕ್ಕದಲ್ಲಿಟ್ಟು ನೋಡಿದರೆ, ಅಳತೆಯ ವ್ಯತ್ಯಾಸ ಬಿಟ್ಟು, ಹೋಲಿಕೆ ಅಚ್ಚರಿ ಹುಟ್ಟಿಸುವಷ್ಟಿದೆ: ಅದೇ ಕವಲು, ಅದೇ ಒಂಟಿ ನರದ ಎಲೆ, ಕಂಕುಳಲ್ಲಿ ಅದೇ ಮೂತ್ರಪಿಂಡದಂಥ ಚೀಲ.

ಈ ಗಿಡದ ಜೊತೆಗೆ ಅದೇ ಪದರಗಳಲ್ಲಿ ದೊರೆತ ಯಾರಾವಿಯಾ, ಹೀಡಿಯಾ ಮುಂತಾದವು ಎಲೆಯಿಲ್ಲದ ಸರಳ ಸಸ್ಯಗಳು. ಅವುಗಳ ನಡುವೆ ಬಾರಗ್ವನಾಥಿಯಾ, ಪ್ರಾಥಮಿಕ ಶಾಲೆಯ ಮಕ್ಕಳ ಸಾಲಿನಲ್ಲಿ ಬಂದು ನಿಂತ ದೊಡ್ಡವರಂತೆ ಕಾಣುತ್ತದೆ.

1935ರಲ್ಲಿ ಇದು ಏಕೆ ಗೊಂದಲ ಎಬ್ಬಿಸಿತು ಎಂಬುದು ಈಗ ತಿಳಿಯುತ್ತದೆ. ರೈನಿಯ ಸಸ್ಯಗಳನ್ನು ಕಂಡ ಮೇಲೆ ಸಸ್ಯವಿಜ್ಞಾನಿಗಳ ಮನಸ್ಸಿನಲ್ಲಿ ಒಂದು ಕ್ರಮ ಮೂಡಿತ್ತು: ಮೊದಲು ಎಲೆಯಿಲ್ಲದ, ಬೇರಿಲ್ಲದ, ಬರೀ ಕವಲು ಕಡ್ಡಿಗಳಂಥ ಸಸ್ಯಗಳು; ಆಮೇಲೆ ನಿಧಾನವಾಗಿ ಎಲೆ, ಬೇರು, ಮರ. ರೈನಿಯ ಕಲ್ಲು ಡೆವೋನಿಯನ್ ಅವಧಿಯದು, ಇಂದಿನ ಲೆಕ್ಕದಲ್ಲಿ ಸುಮಾರು 40.7 ಕೋಟಿ ವರ್ಷ ಹಳೆಯದು. ಲ್ಯಾಂಗ್ ಮತ್ತು ಕುಕ್ಸನ್ ತಮ್ಮ ಗಿಡವನ್ನು ಅದಕ್ಕಿಂತಲೂ ಹಿಂದಿನ ಸೈಲೂರಿಯನ್ ಅವಧಿಗೆ ಸೇರಿಸಿದರು. ಹಾಗಾದರೆ ಎಲೆ ಹೊದ್ದ, ದಪ್ಪ ಕಾಂಡದ, ಸಂಕೀರ್ಣವಾದ ಗಿಡವೇ ಮೊದಲು ಬಂದು, ಬರಿಯ ಕಡ್ಡಿಗಳಂಥವು ಆಮೇಲೆ ಬಂದವು ಎಂದಾಯಿತು. ಮೊಮ್ಮಗ ತಾತನಿಗಿಂತ ಮುಂಚೆ ಹುಟ್ಟಿದಂಥ ಲೆಕ್ಕ.

ಸೈಲೂರಿಯನ್ ಎಂದು ಅವರು ಹೇಳಿದ್ದು ಗಿಡವನ್ನು ನೋಡಿ ಅಲ್ಲ, ಅದರ ಜೊತೆಗಿದ್ದ ಆ ಗರಗಸದ ಗೆರೆಯನ್ನು ನೋಡಿ. ಅದರ ಹೆಸರು ಗ್ರಾಪ್ಟೊಲೈಟ್. ಗ್ರೀಕ್ ಮೂಲದ ಈ ಹೆಸರಿಗೆ ಕಲ್ಲಿನ ಮೇಲಿನ ಬರಹ ಎಂಬ ಅರ್ಥವಿದೆ, ಮತ್ತು ಮೊದಲ ನೋಟಕ್ಕೆ ಅದು ಬರಹವೇ ಎನಿಸುತ್ತದೆ. ವಾಸ್ತವದಲ್ಲಿ ಅವು ಪುಟ್ಟ ಪ್ರಾಣಿಗಳ ವಸಾಹತುಗಳು. ಗರಗಸದ ಒಂದೊಂದು ಹಲ್ಲೂ ಒಂದೊಂದು ಪ್ರಾಣಿಯ ಮನೆ. ಎಲ್ಲ ಮನೆಗಳೂ ಒಂದೇ ಕಡ್ಡಿಗೆ ಪೋಣಿಸಿಕೊಂಡು ಕಡಲಿನಲ್ಲಿ ತೇಲುತ್ತಿದ್ದವು. ತೇಲುವ ಜೀವಿಗಳಾದ್ದರಿಂದ ಒಂದೇ ಪ್ರಭೇದ ದೂರದೂರದ ಕಡಲುಗಳಲ್ಲಿ ಒಂದೇ ಕಾಲದಲ್ಲಿ ಹರಡಿರುತ್ತಿತ್ತು. ಮೇಲಾಗಿ ಅವುಗಳ ರೂಪ ಬೇಗಬೇಗನೆ ಬದಲಾಗುತ್ತಿತ್ತು. ಹಳೆಯ ಪ್ರಭೇದ ಹೋಗಿ ಹೊಸದು ಬರುತ್ತಿತ್ತು. ಭೂವಿಜ್ಞಾನಿಗೆ ಇದಕ್ಕಿಂತ ಒಳ್ಳೆಯ ಪಂಚಾಂಗ ಬೇರೆ ಬೇಕಿಲ್ಲ. ವೇಲ್ಸ್‌ನ ಒಂದು ಪದರದಲ್ಲೂ ವಿಕ್ಟೋರಿಯಾದ ಒಂದು ಪದರದಲ್ಲೂ ಒಂದೇ ಗ್ರಾಪ್ಟೊಲೈಟ್ ಸಿಕ್ಕರೆ, ಆ ಎರಡು ಪದರಗಳು ಹೆಚ್ಚುಕಡಿಮೆ ಒಂದೇ ಕಾಲದವು ಎನ್ನಬಹುದು.

ನೆಲದ ಗಿಡ ಈ ಕಡಲಿನ ಪಂಚಾಂಗದೊಳಕ್ಕೆ ಬಂದದ್ದು ಹೇಗೆ? ಆ ಕಾಲದಲ್ಲಿ ಇಂದಿನ ಮಧ್ಯ ವಿಕ್ಟೋರಿಯಾ ಕಡಲತಳವಾಗಿತ್ತು. ದಡದ ಗಿಡಗಳು ಮುರಿದು ಕಡಲು ಸೇರಿ, ಮಣ್ಣುಮರಳು ಹೊತ್ತು ಇಳಿಜಾರಿನಲ್ಲಿ ಧಾವಿಸುವ ಕೆಸರು ಪ್ರವಾಹಗಳ ಜೊತೆ ಆಳಕ್ಕೆ ಹೋಗಿ ಬಿದ್ದವು. ಅಲ್ಲಿ ಮೇಲಿನ ನೀರಿನಿಂದ ಸತ್ತು ಇಳಿದ ಗ್ರಾಪ್ಟೊಲೈಟ್‌ಗಳೂ ಇದ್ದವು. ಗಿಡಕ್ಕೆ ಇದೊಂದು ಅಪಘಾತವಾದರೂ ನಮಗೆ ಅದರಿಂದ ಎರಡು ಲಾಭ: ಗಿಡ ಕೊಳೆಯದೆ ಉಳಿಯಿತು, ಮತ್ತು ಅದಕ್ಕೆ ದಿನಾಂಕದ ಮೊಹರೂ ಬಿತ್ತು. ನದಿಯ ಮೆಕ್ಕಲಿನಲ್ಲಿ ಹೂತ ಅದೇ ಕಾಲದ ಸಸ್ಯಗಳಿಗೆ ಈ ಎರಡನೆಯ ಭಾಗ್ಯ ಸಾಮಾನ್ಯವಾಗಿ ಇರುವುದಿಲ್ಲ.

ಈಗ ಮೊದಲ ತಿರುವಿಗೆ ಬರೋಣ. ಗಿಡಗಳ ಜೊತೆಗಿದ್ದ ಗ್ರಾಪ್ಟೊಲೈಟ್‌ಗಳು ಮಾನೊಗ್ರಾಪ್ಟಸ್ ಕುಲಕ್ಕೆ ಸೇರಿದ್ದವು. 1935ರಲ್ಲಿ ಚಾಲ್ತಿಯಲ್ಲಿದ್ದ ತಿಳಿವಳಿಕೆಯ ಪ್ರಕಾರ ಈ ಗುಂಪಿನ ಪ್ರಾಣಿಗಳು ಸೈಲೂರಿಯನ್ ಮುಗಿಯುವುದರೊಳಗೆ ಅಳಿದುಹೋಗಿದ್ದವು. ಆದ್ದರಿಂದ ಮಾನೊಗ್ರಾಪ್ಟಸ್ ಇದೆ ಎಂದರೆ ಕಲ್ಲು ಸೈಲೂರಿಯನ್. ಅದರಲ್ಲಿ ಸಂದೇಹಕ್ಕೆ ಎಡೆಯಿರಲಿಲ್ಲ. ಲ್ಯಾಂಗ್ ಮತ್ತು ಕುಕ್ಸನ್ ತಮ್ಮ ಪ್ರಬಂಧದ ಶೀರ್ಷಿಕೆಯಲ್ಲೇ ಮಾನೊಗ್ರಾಪ್ಟಸ್‌ನ ಹೆಸರನ್ನೂ ಸೈಲೂರಿಯನ್ ಎಂಬ ಮಾತನ್ನೂ ಸೇರಿಸಿದ್ದರು. ತರ್ಕದಲ್ಲಿ ತಪ್ಪಿರಲಿಲ್ಲ, ತರ್ಕ ನಿಂತಿದ್ದ ನೆಲ ಮಾತ್ರ ಗಟ್ಟಿಯಾಗಿರಲಿಲ್ಲ. ಮುಂದಿನ ದಶಕಗಳಲ್ಲಿ ಯೂರೋಪಿನ ಸ್ತರಗಳನ್ನು ಸೂಕ್ಷ್ಮವಾಗಿ ಓದಿದಾಗ, ಮಾನೊಗ್ರಾಪ್ಟಸ್‌ನ ಕೆಲವು ಪ್ರಭೇದಗಳು ಸೈಲೂರಿಯನ್ ದಾಟಿ ಡೆವೋನಿಯನ್‌ನ ಆರಂಭದಲ್ಲೂ ಬದುಕಿದ್ದವು ಎಂಬುದು ಖಚಿತವಾಗತೊಡಗಿತು. 1966ರಲ್ಲಿ ಜರ್ಮನಿಯ ಹರ್ಮನ್ ಯೇಗರ್ ಅವರು ವಿಕ್ಟೋರಿಯಾದ ಗ್ರಾಪ್ಟೊಲೈಟ್‌ಗಳನ್ನು ಮರುಪರಿಶೀಲಿಸಿ, ಬಾರಗ್ವನಾಥಿಯಾದ ಜೊತೆಗಿದ್ದದ್ದು ಮಾನೊಗ್ರಾಪ್ಟಸ್ ಥಾಮಸಿ ಎಂಬ ಹೊಸ ಪ್ರಭೇದವೆಂದೂ ಅದು ಆರಂಭಿಕ ಡೆವೋನಿಯನ್‌ಗೆ ಸೇರಿದ್ದೆಂದೂ ತೋರಿಸಿದರು. ಇಂದಿನ ಲೆಕ್ಕದಲ್ಲಿ ಸುಮಾರು 41 ಕೋಟಿ ವರ್ಷ.

ಒಂದೇ ಒಂದು ಗಿಡವನ್ನೂ ಮುಟ್ಟದೆ ಗಿಡದ ವಯಸ್ಸು ಹೀಗೆ ಇಳಿದುಹೋಯಿತು. ಇದರಿಂದ ಹಲವರಿಗೆ ನೆಮ್ಮದಿಯೂ ಆಗಿರಬೇಕು. ಎಲೆಯುಳ್ಳ ಲೈಕೋಫೈಟ್ ಡೆವೋನಿಯನ್‌ನಲ್ಲಿದ್ದರೆ ಸರಳದಿಂದ ಸಂಕೀರ್ಣದೆಡೆಗೆ ಎಂಬ ಕ್ರಮಕ್ಕೆ ಭಂಗವಿರಲಿಲ್ಲ. ಸಾಕ್ಷ್ಯ ನಮ್ಮ ನಿರೀಕ್ಷೆಗೆ ಒಗ್ಗಿದಾಗ ಅದನ್ನು ಮತ್ತೊಮ್ಮೆ ತಿರುವಿ ನೋಡುವ ಉತ್ಸಾಹ ಯಾರಿಗೂ ಅಷ್ಟಾಗಿ ಇರುವುದಿಲ್ಲ. ಇದು ನನ್ನ ಸ್ವಂತ ಅನಿಸಿಕೆ.

ಇದರ ನಡುವೆ ಇನ್ನೊಂದು ಘಟನೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಸೈಲೂರಿಯನ್ ಎಲ್ಲಿ ಮುಗಿಯುತ್ತದೆ, ಡೆವೋನಿಯನ್ ಎಲ್ಲಿ ಶುರುವಾಗುತ್ತದೆ ಎಂಬ ಬಗ್ಗೆ ದೇಶಕ್ಕೊಂದು ಮಾತಿದ್ದ ಕಾಲ ಅದು. ಗಡಿಯೇ ಗಟ್ಟಿಯಿಲ್ಲದಿದ್ದರೆ ಗಿಡ ಯಾವ ಕಡೆಯದು ಎಂಬ ಜಗಳಕ್ಕೆ ಅರ್ಥವಿಲ್ಲ. 1972ರಲ್ಲಿ ಮಾಂಟ್ರಿಯಲ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಭೂವೈಜ್ಞಾನಿಕ ಸಮ್ಮೇಳನದ ಸಂದರ್ಭದಲ್ಲಿ ಈ ಗಡಿ ಇತ್ಯರ್ಥವಾಯಿತು. ಇಂದಿನ ಚೆಕ್ ಗಣರಾಜ್ಯದ ಕ್ಲೊಂಕ್ ಎಂಬ ಗುಡ್ಡದ ಸುಣ್ಣಕಲ್ಲಿನ ಒಂದು ನಿರ್ದಿಷ್ಟ ಪದರದಲ್ಲಿ, ಮಾನೊಗ್ರಾಪ್ಟಸ್ ಯೂನಿಫಾರ್ಮಿಸ್ ಎಂಬ ಗ್ರಾಪ್ಟೊಲೈಟ್ ಮೊದಲು ಕಾಣಿಸಿಕೊಳ್ಳುವ ಜಾಗದಿಂದ ಡೆವೋನಿಯನ್ ಆರಂಭವೆಂದು ಎಲ್ಲರೂ ಒಪ್ಪಿದರು. ಭೂಮಿಯ ಚರಿತ್ರೆಯ ಯಾವುದೇ ಕಾಲಗಡಿಯನ್ನು ಹೀಗೆ ಒಂದು ಜಾಗದ ಒಂದು ಪದರಕ್ಕೆ ಕಟ್ಟಿಹಾಕಿದ್ದು ಅದೇ ಮೊದಲು. ಮಾನೊಗ್ರಾಪ್ಟಸ್ ಎಂದರೆ ಸೈಲೂರಿಯನ್ ಎಂದಿದ್ದ ಕಾಲದಿಂದ, ಡೆವೋನಿಯನ್‌ನ ಬಾಗಿಲಲ್ಲೇ ಮಾನೊಗ್ರಾಪ್ಟಸ್ ನಿಂತಿರುವ ಕಾಲಕ್ಕೆ ಮೂವತ್ತೇಳು ವರ್ಷಗಳಲ್ಲಿ ಬಂದಂತಾಯಿತು. ಆ ಗಡಿ ಇಂದಿನಿಂದ ಸುಮಾರು 41.9 ಕೋಟಿ ವರ್ಷ ಹಿಂದಿನದು.

ಎರಡನೆಯ ತಿರುವು ಬಂದದ್ದು ಮೆಲ್ಬರ್ನಿನಿಂದ ಈಶಾನ್ಯಕ್ಕೆ ಸುಮಾರು 100 ಕಿಲೋಮೀಟರ್ ದೂರದ ಯೇ ಎಂಬ ಊರಿನ ಸುತ್ತಮುತ್ತಲಿಂದ. ಯೇಗರ್ ಪರಿಶೀಲಿಸಿದ ಪದರಗಳಿಗಿಂತ ಕೆಳಗಿನ, ಅಂದರೆ ಹಳೆಯ, ಪದರಗಳಲ್ಲೂ ಬಾರಗ್ವನಾಥಿಯಾ ಇದೆಯೆಂದು ಮೈಕೆಲ್ ಗ್ಯಾರಟ್, ಬ್ಯಾರಿ ರಿಕರ್ಡ್ಸ್ ಮತ್ತು ಅವರ ಸಂಗಡಿಗರು 1984ರಲ್ಲಿ ಪ್ರಕಟಿಸಿದರು. ಅಲ್ಲಿ ಗಿಡದ ಜೊತೆಗಿದ್ದ ಗ್ರಾಪ್ಟೊಲೈಟ್‌ಗಳು ಸೈಲೂರಿಯನ್‌ನ ಲಡ್ಲೋ ಎಂಬ ಭಾಗದವು. ಎಂದರೆ 42 ಕೋಟಿ ವರ್ಷಕ್ಕೂ ಹಿಂದಿನವು. ಅಂದಿನಿಂದ ವಿಕ್ಟೋರಿಯಾದಲ್ಲಿ ಕೆಳಗಿನ ಬಾರಗ್ವನಾಥಿಯಾ ಸಸ್ಯಸಮೂಹ, ಮೇಲಿನ ಬಾರಗ್ವನಾಥಿಯಾ ಸಸ್ಯಸಮೂಹ ಎಂದು ಎರಡನ್ನು ಹೇಳುವ ರೂಢಿ ಬಂತು. ಎರಡರ ನಡುವಿನ ಅಂತರ ಸುಮಾರು ಒಂದು ಕೋಟಿ ವರ್ಷ. ಅಷ್ಟು ದೀರ್ಘ ಕಾಲದಲ್ಲಿ ಗಿಡದ ರೂಪದಲ್ಲಿ ಎದ್ದುಕಾಣುವ ಮಾರ್ಪಾಡಿಲ್ಲ.

ಈ ಬಾರಿ ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ, ಸಿಗಬೇಕಾಗಿಯೂ ಇರಲಿಲ್ಲ. ಒಮ್ಮೆ ಗ್ರಾಪ್ಟೊಲೈಟ್‌ಗಳ ಗುರುತಿನಲ್ಲಿ ಎಡವಿದ ಜಾಗದಲ್ಲಿ ಮತ್ತೆ ಅವುಗಳನ್ನೇ ನಂಬಬೇಕೇ ಎಂಬ ಪ್ರಶ್ನೆ ಸಹಜವಾದದ್ದು. ಮಧ್ಯ ವಿಕ್ಟೋರಿಯಾದ ಈ ಕಲ್ಲುಗಳು ಮಡಿಕೆ ಬಿದ್ದಿವೆ, ಸೀಳಿ ಸರಿದಿವೆ. ಬೆಟ್ಟದ ಮೇಲ್ಮೈಯಲ್ಲಿ ಕಾಣುವ ಪದರ ಇನ್ನೊಂದಕ್ಕಿಂತ ನಿಜವಾಗಿಯೂ ಕೆಳಗಿನದೇ ಎಂದು ಹೇಳಲು ಹಲವೆಡೆ ನಕ್ಷೆ ಹಾಕಿ ನೋಡಬೇಕಾಗುತ್ತದೆ. ಈ ಆಕ್ಷೇಪಗಳಿಗೆ ಒಂದೇ ಉತ್ತರವಿದೆ: ಗಿಡವೂ ಗ್ರಾಪ್ಟೊಲೈಟೂ ಒಂದೇ ಪದರದಲ್ಲಿ, ಸಾಧ್ಯವಾದರೆ ಒಂದೇ ಕಲ್ಲಿನಲ್ಲಿ ಇರುವುದನ್ನು ತೋರಿಸಿ, ಗ್ರಾಪ್ಟೊಲೈಟ್‌ನ ಗುರುತನ್ನು ಹಲ್ಲಿನ ಆಕಾರದವರೆಗೆ ವಿವರವಾಗಿ ದಾಖಲಿಸುವುದು. 2000ದಲ್ಲಿ ರಿಕರ್ಡ್ಸ್ ಪ್ರಕಟಿಸಿದ ಪ್ರಬಂಧ ಇದೇ ಹಾದಿಯದು. ಕೆಳಗಿನ ಸಮೂಹ ಸೈಲೂರಿಯನ್‌ನದೇ ಎಂದು ಅವರು ಮತ್ತೊಮ್ಮೆ ಪ್ರತಿಪಾದಿಸಿದರು. ಯೇ ಬಳಿಯ ಪಳೆಯುಳಿಕೆ ತಾಣ 2007ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿತು. ನೋಡಲು ಅದು ರಸ್ತೆಗಾಗಿ ಕಡಿದ ದಿಬ್ಬದ ಅಂಚು, ಅಷ್ಟೇ.

ಆದರೂ ಎಲ್ಲ ಸಾಕ್ಷ್ಯವೂ ಒಂದೇ ರಾಜ್ಯದಿಂದ ಬರುತ್ತಿದ್ದದ್ದು ಒಂದು ಕೊರತೆಯೇ ಆಗಿತ್ತು. ಕೆನಡಾದ ಒಂಟಾರಿಯೊದಲ್ಲಿ ಬಾರಗ್ವನಾಥಿಯಾ ಅಬಿಟಿಬಿಯೆನ್ಸಿಸ್ ಎಂಬ ಇನ್ನೊಂದು ಪ್ರಭೇದ ದೊರೆತಿದ್ದು, 1983ರಲ್ಲಿ ಫ್ರಾನ್ಸಿಸ್ ಹ್ಯೂಬರ್ ಅದನ್ನು ವರ್ಣಿಸಿದ್ದರು. ಆದರೆ ಅದು ಡೆವೋನಿಯನ್‌ನದು, ಆದ್ದರಿಂದ ಈ ವ್ಯಾಜ್ಯಕ್ಕೆ ನೆರವಾಗಲಿಲ್ಲ. ನೆರವಾದದ್ದು ಇಂದಿನ ಚೆಕ್ ಗಣರಾಜ್ಯದ ಭಾಗವಾದ ಬೊಹೀಮಿಯಾ. ಅಲ್ಲಿನ ಸೈಲೂರಿಯನ್‌ನ ಕೊನೆಯ ಭಾಗವಾದ ಪ್ರಿಡೊಲಿಯ ಕಲ್ಲುಗಳಿಂದ ಬಾರಗ್ವನಾಥಿಯಾ ಬ್ರೆವಿಫೋಲಿಯಾ ಎಂಬ, ಹೆಸರೇ ಹೇಳುವಂತೆ ಗಿಡ್ಡ ಎಲೆಯ, ಪ್ರಭೇದವನ್ನು ಪೆತ್ರ್ ಕ್ರಾಫ್ಟ್ ಮತ್ತು ಯಿರ್ಷಿ ಕ್ವಾಚೆಕ್ 2017ರಲ್ಲಿ ಪ್ರಕಟಿಸಿದರು. ಸೈಲೂರಿಯನ್ ಮತ್ತು ಡೆವೋನಿಯನ್ ನಡುವಿನ ಗಡಿಯನ್ನು ಜಗತ್ತಿಗೆ ಗುರುತುಮಾಡಿಕೊಟ್ಟ ಅದೇ ಸೀಮೆಯ ಪದರಗಳು ಇವು. ಇಲ್ಲಿನ ಕಾಲಗಣನೆಯ ಬಗ್ಗೆ ತಕರಾರು ತೆಗೆಯುವುದು ಕಷ್ಟ. ಲಡ್ಲೋ ಎಂಬ ವಿಕ್ಟೋರಿಯಾದ ದಿನಾಂಕ ಇದರಿಂದ ತಾನಾಗಿ ಸಿದ್ಧವಾಗುವುದಿಲ್ಲ, ನಿಜ. ಆದರೆ ಸೈಲೂರಿಯನ್‌ನಲ್ಲಿ ಈ ಕುಲದ ಗಿಡವಿರುವುದು ಅಸಂಭವ ಎಂಬ ಮಾತನ್ನು ಇನ್ನು ಹೇಳುವಂತಿಲ್ಲ.

ಈಗ ಎಲೆಯ ಪ್ರಶ್ನೆಗೆ ಹಿಂದಿರುಗುತ್ತೇನೆ. ಲೈಕೋಫೈಟ್‌ನ ಎಲೆ ಹೇಗೆ ಹುಟ್ಟಿತು ಎಂಬುದಕ್ಕೆ ಮುಖ್ಯವಾಗಿ ಮೂರು ವಿವರಣೆಗಳಿವೆ. ಕವಲುಕಡ್ಡಿಗಳು ಕುಗ್ಗುತ್ತ ಕುಗ್ಗುತ್ತ ಒಂಟಿ ಎಲೆಯಾದವು ಎಂಬುದು ಒಂದು; ಇದು ಜರ್ಮನಿಯ ವಾಲ್ಟರ್ ಜಿಮರ್ಮನ್ ಅವರ ಹೆಸರಿನೊಂದಿಗೆ ಸೇರಿಕೊಂಡಿದೆ. ಬೀಜಾಣುಚೀಲಗಳೇ ಬೀಜಾಣು ಬಿಡುವುದನ್ನು ಮರೆತು ಚಪ್ಪಟೆಯಾಗಿ ಎಲೆಗಳಾದವು ಎಂಬುದು ಇನ್ನೊಂದು. ಪಾಲ್ ಕೆನ್ರಿಕ್ ಮತ್ತು ಪೀಟರ್ ಕ್ರೇನ್ ಇದಕ್ಕೆ ಒಲವು ತೋರಿದವರು. ಮೂರನೆಯದು, ಮತ್ತು ತರಗತಿಗಳಲ್ಲಿ ಹೆಚ್ಚಾಗಿ ಕಲಿಸುವುದು, ಮುಳ್ಳಿನ ಕಥೆ. ನುಣುಪಾದ ಕಾಂಡದ ಮೇಲೆ ಮೊದಲು ನರವಿಲ್ಲದ ಮುಳ್ಳಿನಂಥ ಚಾಚುಗಳು ಮೂಡಿದವು. ಆಮೇಲೆ ಕಾಂಡದ ನಾಳದಿಂದ ಒಂದು ಎಳೆ ಹೊರಟು ಚಾಚಿನ ಬುಡದವರೆಗೆ ಬಂದು ನಿಂತಿತು. ಕೊನೆಗೆ ಆ ಎಳೆ ಒಳಹೊಕ್ಕು ತುದಿಯವರೆಗೆ ಸಾಗಿತು, ಎಲೆಯಾಯಿತು. ಇದಕ್ಕೆ ಉದಾಹರಣೆಗಳನ್ನೂ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುತ್ತಾರೆ. ನುಣುಪು ಕಾಂಡಕ್ಕೆ ಜೋಸ್ಟೆರೊಫಿಲಂ, ನರವಿಲ್ಲದ ಮುಳ್ಳಿಗೆ ಸಾಡೋನಿಯಾ, ಬುಡದಲ್ಲೇ ನಿಂತ ಎಳೆಗೆ ರೈನಿಯ ಆಸ್ಟೆರೊಕ್ಸಿಲಾನ್, ಪೂರ್ಣ ಎಲೆಗೆ ಬಾರಗ್ವನಾಥಿಯಾ.

ಏಣಿ ಬಹಳ ಅಚ್ಚುಕಟ್ಟಾಗಿದೆ. ತೊಂದರೆಯೆಂದರೆ, ಅದರ ಮೇಲಿನ ಮೆಟ್ಟಿಲಲ್ಲಿರುವ ಬಾರಗ್ವನಾಥಿಯಾ, ಅದರ ಕೆಳಗಿನ ಮೆಟ್ಟಿಲಲ್ಲಿರುವ ಆಸ್ಟೆರೊಕ್ಸಿಲಾನ್‌ಗಿಂತ ಒಂದು ಕೋಟಿ ವರ್ಷಕ್ಕೂ ಹೆಚ್ಚು ಹಳೆಯದು. ಇದರಿಂದ ಮುಳ್ಳಿನ ಕಥೆ ಸುಳ್ಳೆಂದು ಸಾಬೀತಾಗುವುದಿಲ್ಲ. ಹಳೆಯ ರೂಪವನ್ನು ಉಳಿಸಿಕೊಂಡ ಬಂಧುಗಳು ಹೊಸ ರೂಪದವರ ನಂತರವೂ ಬಾಳಬಹುದು. ದಾಯಾದಿಗಳನ್ನು ಪೂರ್ವಜರೆಂದು ಎಣಿಸಿ ಸಾಲಾಗಿ ನಿಲ್ಲಿಸಿದ್ದೇ ಇಲ್ಲಿನ ತಪ್ಪು. ಆಸ್ಟೆರೊಕ್ಸಿಲಾನ್‌ನ ಅರ್ಧ ಎಲೆ ಪೂರ್ಣ ಎಲೆಯ ಕಡೆಗಿನ ಹೆಜ್ಜೆಯೇ, ಅಥವಾ ಪೂರ್ಣ ಎಲೆಯಿಂದ ಹಿಂದೆ ಸರಿದ ಸ್ಥಿತಿಯೇ ಎಂದು ಕೇಳುವುದಕ್ಕೂ ಈಗ ಅವಕಾಶವಿದೆ. ಇಡೀ ಉಪನ್ಯಾಸದಲ್ಲಿ ನಾನು ಒತ್ತಿ ಹೇಳಬೇಕೆಂದಿದ್ದ ಅಂಶವಿದ್ದರೆ ಅದು ಇದೇ: ಈ ಪ್ರಶ್ನೆಯನ್ನು ಎಬ್ಬಿಸಿದ್ದು ಗಿಡದ ಅಂಗರಚನೆಯಲ್ಲ, ಅದರ ಪಕ್ಕ ಬಿದ್ದಿದ್ದ ಕಡಲ ಪ್ರಾಣಿ.

ಆಸ್ಟೆರೊಕ್ಸಿಲಾನ್ ಬಗ್ಗೆ ಒಂದು ಮಾತು ಸೇರಿಸಿ ಮುಂದುವರಿಯುತ್ತೇನೆ. ಇಂದಿನ ಬಹುಪಾಲು ಸಸ್ಯಗಳಲ್ಲಿ ಎಲೆಗಳ ಸುರುಳಿಗಳನ್ನು ಎಣಿಸಿದರೆ 1, 2, 3, 5, 8, 13 ಎಂಬ, ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ, ಫಿಬೊನಾಚಿ ಸರಣಿಯ ಅಂಕಿಗಳು ಸಿಗುತ್ತವೆ. ಆಸ್ಟೆರೊಕ್ಸಿಲಾನ್‌ನ ಎಲೆಗಳನ್ನು ಗಣಕಯಂತ್ರದಲ್ಲಿ ಮೂರು ಆಯಾಮಗಳಲ್ಲಿ ಮರುಕಟ್ಟಿ ಎಣಿಸಿದಾಗ ಅವು ಆ ಸರಣಿಗೆ ಸೇರುವುದಿಲ್ಲವೆಂದು 2023ರಲ್ಲಿ ಪ್ರಕಟವಾಯಿತು. ಬಾರಗ್ವನಾಥಿಯಾದ ಮೇಲೆ ಇಂಥ ಎಣಿಕೆ ಸುಲಭವಲ್ಲ, ಏಕೆಂದರೆ ಅದರ ಕಾಂಡ ಕಲ್ಲಿನಲ್ಲಿ ಚಪ್ಪಟೆಯಾಗಿದೆ; ರೈನಿಯ ಗಿಡ ಮಾತ್ರ ಗಾಜಿನಲ್ಲಿ ಹಿಡಿದಿಟ್ಟಂತೆ ದುಂಡಗೇ ಉಳಿದಿದೆ.

ಬಾರಗ್ವನಾಥಿಯಾದ ವಯಸ್ಸು ಹಿಂದಕ್ಕೆ ಹೋದಷ್ಟೂ ಅದರ ಹಿಂದಿನ ಕಾಣದ ಚರಿತ್ರೆ ಉದ್ದವಾಗುತ್ತದೆ. ಎಲೆ, ದಪ್ಪ ಕಾಂಡ, ನಕ್ಷತ್ರಾಕಾರದ ಕ್ಸೈಲಂ, ಕಂಕುಳಿನ ಬೀಜಾಣುಚೀಲ ಇವೆಲ್ಲ ಒಂದೇ ಸಲಕ್ಕೆ ಬರಲಾರವು. ಇದುವರೆಗೆ ದೊರೆತ ಅತಿ ಹಳೆಯ ಕುಕ್ಸೋನಿಯಾ ಸುಮಾರು 43 ಕೋಟಿ ವರ್ಷ ಹಿಂದಿನದು. ಕೆಲವೇ ಸೆಂಟಿಮೀಟರ್ ಎತ್ತರದ, ಎಲೆಯಿಲ್ಲದ ಕವಲುಕಡ್ಡಿ. ಅಂಥ ಗಿಡಕ್ಕೂ ಬಾರಗ್ವನಾಥಿಯಾಕ್ಕೂ ನಡುವೆ ಕೆಲವೇ ದಶಲಕ್ಷ ವರ್ಷಗಳ ಅಂತರ ಎನ್ನುವುದಾದರೆ ಬೆಳವಣಿಗೆ ಅತಿ ವೇಗವಾಗಿ ಆಗಿರಬೇಕು. ಇಲ್ಲವೇ ಅದು ಇನ್ನೂ ಮೊದಲೇ, ನಮಗೆ ಪಳೆಯುಳಿಕೆ ಸಿಗದ ಕಡೆ ಶುರುವಾಗಿರಬೇಕು. ಎರಡನೆಯದಕ್ಕೆ ನನ್ನ ಒಲವು. ಬೀಜಾಣುಗಳ ದಾಖಲೆ ಅದನ್ನೇ ಸೂಚಿಸುತ್ತದೆ. ನೆಲದ ಸಸ್ಯಗಳವೆಂದು ಭಾವಿಸಲಾದ ಬೀಜಾಣುಗಳು ಸುಮಾರು 47 ಕೋಟಿ ವರ್ಷ ಹಿಂದಿನ ಅರ್ಜೆಂಟೀನಾದ ಕಲ್ಲುಗಳಲ್ಲಿವೆ. ನಾಳಸಸ್ಯಗಳ ಬೀಜಾಣುಗಳಿಗೆ ವಿಶಿಷ್ಟವಾದ ಮೂರು ಗೆರೆಯ ಗುರುತುಳ್ಳವು ಸುಮಾರು 45 ಕೋಟಿ ವರ್ಷ ಹಿಂದಿನ ಸೌದಿ ಅರೇಬಿಯಾದ ಪದರಗಳಲ್ಲಿವೆ. ಇವೆರಡೂ, ವಿಕ್ಟೋರಿಯಾವೂ, ಆಗ ಗೊಂಡ್ವಾನಾ ಎಂಬ ದಕ್ಷಿಣದ ಮಹಾಖಂಡದ ಭಾಗಗಳು. ಆರಂಭಿಕ ಸಸ್ಯಗಳ ಅಧ್ಯಯನ ಬಹುಕಾಲ ನಡೆದದ್ದು ಬ್ರಿಟನ್, ಜರ್ಮನಿ, ಉತ್ತರ ಅಮೆರಿಕಗಳ ಕಲ್ಲುಗಳ ಮೇಲೆ. ಅಲ್ಲಿ ಸಿಕ್ಕ ಕ್ರಮವನ್ನೇ ಭೂಮಿಯ ಕ್ರಮವೆಂದು ಓದಿದೆವೋ ಏನೋ.

ಉಪನ್ಯಾಸ ಮುಗಿದ ಮೇಲೆ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುವುದು ಉಚಿತ. ಮುಂದೆ ಕಲ್ಲಿದ್ದಲಾಗಿ ಮಾರ್ಪಟ್ಟ ಪ್ರಾಚೀನ ಕಾಡುಗಳಲ್ಲಿ 30 ಮೀಟರಿಗೂ ಮೀರಿ ಬೆಳೆದ ಲೆಪಿಡೋಡೆಂಡ್ರಾನ್ ಮರಗಳು ಲೈಕೋಫೈಟ್‌ಗಳೇ ಅಲ್ಲವೇ, ಹಾಗಾದರೆ ಬಾರಗ್ವನಾಥಿಯಾ ಅವುಗಳ ಮೂಲಪುರುಷನೇ ಎಂದು ಅವರು ಕೇಳಿದರು. ಮನೆತನ ಒಂದೇ, ಆದರೆ ನೇರ ವಂಶಾವಳಿ ಎನ್ನಲು ಬರುವುದಿಲ್ಲ ಎಂಬುದು ನನ್ನ ಉತ್ತರ. ಲೆಪಿಡೋಡೆಂಡ್ರಾನ್ ಮತ್ತು ಅದರ ಬಳಗದಲ್ಲಿ ದೊಡ್ಡ ಬೀಜಾಣು, ಸಣ್ಣ ಬೀಜಾಣು ಎಂದು ಎರಡು ಬಗೆಯಿವೆ. ಎಲೆಯ ಬುಡದ ಒಳಮೈಯಲ್ಲಿ ಲಿಗ್ಯೂಲ್ ಎಂಬ ನಾಲಿಗೆಯಂಥ ಸಣ್ಣ ಚಾಚು ಇದೆ. ಬಾರಗ್ವನಾಥಿಯಾದಲ್ಲಿ ಆ ನಾಲಿಗೆ ಕಂಡಿಲ್ಲ. ಮಧ್ಯ ಡೆವೋನಿಯನ್‌ನ ಲೆಕ್ಲೆರ್ಕಿಯಾ ಎಂಬ ಗಿಡದಲ್ಲಿ ನಾಲಿಗೆ ಇದೆ, ಆದರೆ ಬೀಜಾಣು ಒಂದೇ ಬಗೆಯದು. ಅಂದರೆ ಈ ಎರಡು ಗುಣಗಳು ಒಟ್ಟಿಗೆ ಬಂದವಲ್ಲ. ಆ ದೈತ್ಯ ಮರಗಳಿಗೆ ಇಂದು ಉಳಿದಿರುವ ಅತಿ ಹತ್ತಿರದ ಬಂಧು ಐಸೊಯೆಟಿಸ್: ಕೆರೆಯಂಚಿನ ಕೆಸರಿನಲ್ಲಿ ಹುಲ್ಲಿನ ಗುಚ್ಛದಂತೆ ಕಾಣುವ, ಬಹುಮಟ್ಟಿಗೆ ಯಾರ ಕಣ್ಣಿಗೂ ಬೀಳದ ಸಣ್ಣ ಗಿಡ. ಅದರ ಒಂದು ಎಲೆಯನ್ನು ಬುಡಸಮೇತ ಕಿತ್ತು ಭೂತಗನ್ನಡಿ ಹಿಡಿದು ನೋಡಿದರೆ, ಆ ನಾಲಿಗೆಯೂ ಅದರ ಕೆಳಗೆ ಗುಳಿಯಲ್ಲಿ ಕೂತ ಬೀಜಾಣುಚೀಲವೂ ಕಾಣಸಿಗುತ್ತವೆ. ಎಲೆಯ ನಡುವೆ ಕವಲಿಲ್ಲದ ಒಂದೇ ನರವಿರುತ್ತದೆ.